ಎರಡು ಶಾಲೆ, ಒಂದೇ ಬೋರ್ಡು

ತೋಪಿನಕೊಪ್ಪಲು, ಶ್ರೀರಂಗಪಟ್ಟಣ ತಾಲ್ಲೂಕು
14 ಜುಲೈ 2024

ಪ್ರಮೀಳಾ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ಹತ್ತು ತಿಂಗಳಾಯಿತು. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ ಎಂಬ ಧೈರ್ಯದ ಮೇಲೆ ಈ ಕಾಗದ. ಹರಿದು ಹಾಕುವುದಾದರೆ ಓದಿ ಹರಿದು ಹಾಕು, ಅಷ್ಟೇ ಕೇಳುವುದು.

ವಿಷಯ ಏನೆಂದರೆ, ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಿದೆ ಕಣೇ! ಯಾರಿಗೂ ಹೇಳಿಕೊಳ್ಳದೆ ಹೊಟ್ಟೆ ಉಬ್ಬಿಹೋಗಿದೆ. ಮನೆಯಲ್ಲಿ ನಮ್ಮ ಯಜಮಾನರು ರವೀಂದ್ರ ಅವರಿಗೆ ಹೇಳಿದರೆ "ಟೀವಿ ಅಲ್ವಾ ಅದು" ಎಂದು ಫ್ಯಾಕ್ಟರಿ ಶಿಫ್ಟಿಗೆ ಹೊರಟೇಹೋದರು. ಟೀವಿಯಂತೆ! ಕಲ್ಲುಮಂಟಿ ಶಾಲೆಯ ಕಪ್ಪು ಹಲಗೆಯ ಮುಂದೆ ನಾವಿಬ್ಬರೂ ಎಂಟು ವರ್ಷ ಸೀಮೆಸುಣ್ಣದ ಪುಡಿ ಕುಡಿದವರು. ಭಿನ್ನರಾಶಿ ಪಾಠಕ್ಕೆಂದು ನೀನು ಮನೆಯಿಂದ ರೊಟ್ಟಿ ತಂದು ಎಂಟು ಭಾಗ ಮಾಡುತ್ತಿದ್ದೆ. ಲೆಕ್ಕ ಮುಗಿಯುವ ಹೊತ್ತಿಗೆ ಮಕ್ಕಳು ಮೂರು ಭಾಗ ತಿಂದಿರುತ್ತಿದ್ದರು. ಇಲ್ಲಿ ಬೆರಳಿನಿಂದ ಒಂದು ಸೊಟ್ಟ ವೃತ್ತ ಎಳೆದರೆ ಅದೇ ದುಂಡಗಾಗುತ್ತದೆ. ಮುಟ್ಟಿದರೆ ತುಂಡಾಗುತ್ತದೆ. ಒಂದು ತುಂಡನ್ನು ಎಳೆದು ಇನ್ನೊಂದರ ಮೇಲೆ ಕೂರಿಸಿದರೆ ಎರಡೂ ಸಮವೋ ಅಲ್ಲವೋ ಕಣ್ಣಿಗೇ ಕಾಣುತ್ತದೆ. ಆರನೇ ತರಗತಿಯಲ್ಲಿ ಮಾನಸ ಎಂದು ಒಬ್ಬಳಿದ್ದಾಳೆ, ಪ್ರಶ್ನೆ ಕೇಳಿದರೆ ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕುವವಳು. ಅವಳು ತಾನಾಗಿ ಎದ್ದು ಬಂದು "ಮಿಸ್, ನಾ ಮುಟ್ಲಾ?" ಎಂದಳು. ಮೂರು ಲೆಕ್ಕ ಮಾಡಿಯೇ ಹೋಗಿ ಕೂತದ್ದು. ಆ ಕ್ಷಣ ನಿನಗೆ ಹೇಳಬೇಕೆಂದು ತಿರುಗಿ ನೋಡಿದೆ. ನನ್ನ ಪಕ್ಕದ ತರಗತಿಯಲ್ಲಿ ನೀನಿಲ್ಲ.

ಮಂಡ್ಯದ ವರ್ಗಾವಣೆ ಕೌನ್ಸೆಲಿಂಗ್ ಮಾತೆತ್ತದೆ ಮುಗಿಸೋಣವೆಂದುಕೊಂಡಿದ್ದೆ. ಆಗುತ್ತಿಲ್ಲ. ಈ ಜಾಗ ನಿನಗೆ ಬೇಕಾಗಿತ್ತು. ಲಕ್ವ ಹೊಡೆದ ನಿನ್ನ ಅಮ್ಮ ಇಲ್ಲಿಂದ ಎರಡೇ ಕಿಲೋಮೀಟರ್ ದೂರದ ಬಾಬುರಾಯನಕೊಪ್ಪಲಿನಲ್ಲಿ ನಿನ್ನ ಅಣ್ಣ ದೇವರಾಜು ಮನೆಯಲ್ಲಿದ್ದಾರೆ. "ನಾನು ಪಾಂಡವಪುರದ ಕಡೆ ತಗೊಳ್ತೀನಿ, ತೋಪಿನಕೊಪ್ಪಲು ನಿಂಗೇ" ಎಂದು ನಿನ್ನ ಕೈ ಹಿಡಿದು ಹೇಳಿದ್ದೆ. ಪಟ್ಟಿಯಲ್ಲಿ ನನ್ನ ಹೆಸರು ಮೊದಲು ಬಂತು. ನಾನು ಇದನ್ನೇ ಆರಿಸಿಕೊಂಡೆ. ನೀನು ಕಲ್ಲುಮಂಟಿಯಲ್ಲೇ ಉಳಿದೆ. ಯಾಕೆಂದು ಬರೆಯುವ ಧೈರ್ಯ ಇವತ್ತಿಲ್ಲ.

ನಿನ್ನ
ಹೇಮಶ್ರೀ


ತೋಪಿನಕೊಪ್ಪಲು
25 ಆಗಸ್ಟ್ 2024

ಪ್ರಮೀಳಾ,

ಉತ್ತರ ಬರಲಿಲ್ಲ. ಕಾಗದ ವಾಪಸ್ಸೂ ಬರಲಿಲ್ಲ. ಅಂದಮೇಲೆ ಓದಿದ್ದೀಯ ಎಂದು ನಾನೇ ತೀರ್ಮಾನ ಮಾಡಿಕೊಂಡು ಖುಷಿಯಾಗಿದ್ದೇನೆ.

ಹೋದ ವಾರ ಏನಾಯಿತು ಗೊತ್ತಾ? ಸಮಾಜ ಪಾಠಕ್ಕೆ ಬೋರ್ಡಿನಲ್ಲಿ ಉಪಗ್ರಹದ ಭೂಪಟ ತೆರೆದೆ. ಮೊದಲು ನಮ್ಮ ಶಾಲೆ, ಆಮೇಲೆ ಹೊಳೆ ಎರಡಾಗಿ ಸುತ್ತಿಕೊಂಡ ಪಟ್ಟಣ. ಮಕ್ಕಳು ತಮ್ಮ ತಮ್ಮ ಮನೆ ಹುಡುಕಿ ಕೂಗಾಡಿದರು. ಚೈತನ್ಯ ಎಂಬ ಹುಡುಗ "ಮಿಸ್, ನಮ್ ಹಸಾ ಎಲ್ಲಿ ಕಟ್ಟೀವಿ ಅಂತ್ಲೂ ಕಾಣ್ತದೆ!" ಎಂದು ಕುಣಿದ. "ಇನ್ನೆಲ್ಲಿಗೆ ಹೋಗೋಣ?" ಎಂದು ಕೇಳಿದೆ. ಯಾರೂ ಬಾಯಿ ಬಿಡುವ ಮೊದಲೇ ನನ್ನ ಬೆರಳು ಹೊರಟುಬಿಟ್ಟಿತ್ತು. ಪಾಂಡವಪುರದ ಕುಂತಿಬೆಟ್ಟ ದಾಟಿ, ಕೆ.ಆರ್. ಪೇಟೆ ದಾಟಿ, ಕಲ್ಲುಮಂಟಿಯ ಮೇಲೆ ನಿಂತಿತು. ಹೆಂಚಿನ ಮಾಡು, ಹೊಂಗೆಮರ, ಗೇಟಿನ ಹತ್ತಿರ ಒಂದು ಕೆಂಪು ಚುಕ್ಕೆ. ಅದು ನಿನ್ನ ಸ್ಕೂಟಿಯೇ ಇರಬೇಕು ಕಣೇ, ನೀನು ಬಿಟ್ಟರೆ ಅಲ್ಲಿ ಯಾರು ನಿಲ್ಲಿಸುತ್ತಾರೆ? "ಮಿಸ್ ಯಾಕೆ ಅಳ್ತಾವ್ರೆ?" ಎಂದು ಯಾರೋ ಕೇಳಿದರು. ಧೂಳು ಎಂದೆ. ಧೂಳಿಲ್ಲದ ಬೋರ್ಡಿನ ಮುಂದೆ ಆ ಸುಳ್ಳೂ ನಿಲ್ಲಲಿಲ್ಲ.

ಈಗ ಹೇಳಿಬಿಡುತ್ತೇನೆ. ಕೌನ್ಸೆಲಿಂಗ್ ಕೋಣೆಯಲ್ಲಿ ನನ್ನ ಹೆಸರು ಕರೆದಾಗ ನಮ್ಮ ಕಿಶನ್ ನೆನಪಾದ. ಆಗ ಅವನಿಗೆ ನಾಲ್ಕು ವರ್ಷ. ಕಲ್ಲುಮಂಟಿಯಿಂದ ಎರಡು ಬಸ್ಸು ಹತ್ತಿ ನಾನು ಇಲ್ಲಿ ಮನೆ ಸೇರುವಷ್ಟರಲ್ಲಿ ಪಕ್ಕದ ಮನೆಯ ಜಗುಲಿಯ ಮೇಲೆ ನಿದ್ದೆ ಹೋಗಿರುತ್ತಿದ್ದ. ಇನ್ನು ಪಾಂಡವಪುರದ ಕಡೆಯಾದರೂ ಅದೇ ಕಥೆ ಎನಿಸಿತು. ತೆರೆಯ ಮೇಲೆ "ತೋಪಿನಕೊಪ್ಪಲು" ಎಂದಿತ್ತು. ಅದನ್ನೇ ಹೇಳಿದೆ. ನೀನು ನನ್ನ ಹಿಂದಿನ ಸಾಲಿನಲ್ಲಿ ಕೂತಿದ್ದೆ. ತಿರುಗಿ ನೋಡಲಿಲ್ಲ. ನೋಡಿದ್ದರೆ ಬೇರೆ ಹೆಸರು ಹೇಳುತ್ತಿದ್ದೆನೇನೋ. ಅದಕ್ಕೇ ನೋಡಲಿಲ್ಲ.

ನಿನ್ನ ಅಮ್ಮನನ್ನು ಮಾತನಾಡಿಸಲೆಂದು ಎರಡು ಸಲ ಬಾಬುರಾಯನಕೊಪ್ಪಲಿಗೆ ಹೋದೆ. ಎರಡು ಸಲವೂ ಬೀದಿಯ ತಿರುವಿನಿಂದಲೇ ವಾಪಸ್ಸಾದೆ.

ಹೇಮಶ್ರೀ


ತೋಪಿನಕೊಪ್ಪಲು
23 ಅಕ್ಟೋಬರ್ 2024

ಪ್ರಮೀಳಾ,

ನಮ್ಮ ಬೋರ್ಡಿಗೆ ಹುಚ್ಚು ಹಿಡಿದಿದೆ.

ದಸರಾ ರಜೆಗೆ ಮುಂಚೆ ಚೆನ್ನಾಗಿಯೇ ಇತ್ತು. ರಜೆ ಮುಗಿಸಿ ಮೊನ್ನೆ ಸೋಮವಾರ ಹಾಕಿದರೆ, ಯಾರೂ ಮುಟ್ಟದೆಯೇ ಮೇಲಿನ ಮೂಲೆಯಿಂದ ಗೆರೆ ಎಳೆಯುತ್ತದೆ. ನಾನು ಐದು ಬರೆದರೆ ಅದು ಬಾಲ ಸೇರಿಸುತ್ತದೆ. ಪಾಠ ತಾನಾಗಿಯೇ ಮುಂದಿನ ಪುಟಕ್ಕೆ ಓಡುತ್ತದೆ. ಆಫ್ ಮಾಡಿ ಆನ್ ಮಾಡಿದೆ, ವೈರು ಕಿತ್ತು ಹಾಕಿದೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಅಡುಗೆಯ ಪುಟ್ಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತು "ಗಾಳಿ ಮೆಟ್ಕಂಡದೆ ಕಣ್ ಮಿಸ್, ಅದ್ಕೆ ದೃಷ್ಟಿ ತಗೀರಿ" ಎಂದರು. ಹೆಡ್‌ಮಾಸ್ಟರ್ ಸಿದ್ದರಾಜು ಸರ್‌ಗೆ ಕೋಪ: "ದೃಷ್ಟಿ ಆಗೋಕೆ ಏನ್ ಬಿಟ್ಟಿದ್ದೀವಮ್ಮಾ, ಎಲ್ರಿಗಿಂತ ಮೊದ್ಲು ಅದ್ಕೇ ಅಲ್ವಾ ಪೂಜೆ ಮಾಡಿದ್ದು!" ನಿಜವೇ. ರಜೆಗೆ ಹಿಂದಿನ ದಿನವೇ ಆಯುಧಪೂಜೆ ಮಾಡಿ ಮುಗಿಸಿದ್ದೆವು. ಗಂಟೆ, ಹಾರೆ, ಕುಕ್ಕರು, ಬೋರ್ಡು, ಎಲ್ಲಕ್ಕೂ. ಬೋರ್ಡಿಗೆ ಸೇವಂತಿಗೆ ಹಾರ, ನಾಲ್ಕೂ ಮೂಲೆಗೆ ಗಂಧ, ಕುಂಕುಮ. ಇಷ್ಟು ಮಾಡಿದ ಮೇಲೂ ಹೀಗೆ ಆಡುತ್ತದಲ್ಲ ಎಂದು ಅವರಿಗೆ ಅವಮಾನವೇ ಆಗಿದೆ.

ಕಂಪನಿಯ ಮೆಕ್ಯಾನಿಕ್ಕು ದೀಪಾವಳಿ ಕಳೆದು ಬರುತ್ತಾನಂತೆ. ಮಾನಸ ದಿನಾ ಬೆಳಿಗ್ಗೆ ಬಂದು ಬೋರ್ಡನ್ನು ದೂರದಿಂದ ನೋಡಿ ಹೋಗುತ್ತಾಳೆ. ಮತ್ತೆ ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕಲು ಶುರು ಮಾಡಿದ್ದಾಳೆ. ಅದೇ ನನಗೆ ತಡೆಯಲಾಗದ್ದು.

ಹೇಮಶ್ರೀ


(ಪೋಸ್ಟ್ ಕಾರ್ಡ್)

ಕಲ್ಲುಮಂಟಿ, ಕೆ.ಆರ್. ಪೇಟೆ ತಾಲ್ಲೂಕು
28 ಅಕ್ಟೋಬರ್ 2024

ಹೇಮಶ್ರೀ ಅವರಿಗೆ,

ಬೋರ್ಡಿನ ಚೌಕಟ್ಟಿನ ಒಳ ಅಂಚಿನಲ್ಲಿ ಕಣ್ಣಿಗೆ ಕಾಣದ ಬೆಳಕು ಆಚೆಯಿಂದೀಚೆಗೆ ಹಾಯುತ್ತಿರುತ್ತದೆ. ಬೆರಳು ಅಡ್ಡ ಬಂದರೆ ಅದಕ್ಕೆ ತಿಳಿಯುವುದು ಹಾಗೆ. ಮೂಲೆಯಲ್ಲಿ ಒಣಗಿ ಕೂತಿರುವ ಗಂಧವನ್ನೂ ಅದು ಬೆರಳೆಂದೇ ತಿಳಿದಿದೆ. ಒದ್ದೆ ಬಟ್ಟೆಯಲ್ಲಿ ಒಳ ಅಂಚು ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ.

ನಮ್ಮ ಶಾಲೆಗೂ ಹಳೇ ವಿದ್ಯಾರ್ಥಿಗಳು ಬೋರ್ಡ್ ಕೊಡಿಸಿದ್ದಾರೆ. ವರಮಹಾಲಕ್ಷ್ಮಿ ಹಬ್ಬದ ದಿನ ನಾವೂ ಇದನ್ನೇ ಮಾಡಿದ್ದೆವು.

ಆ ಹುಡುಗಿಗೋಸ್ಕರ ಬರೆದಿದ್ದೇನೆ.

ಪ್ರಮೀಳಾ


ತೋಪಿನಕೊಪ್ಪಲು
4 ನವೆಂಬರ್ 2024

ಪ್ರಮೀ! ಪ್ರಮೀ! ಪ್ರಮೀ!

ಒರೆಸಿದೆ. ಬಟ್ಟೆ ಹಳದಿಯಾಯಿತು. ಬೋರ್ಡು ಜಾಣಮರಿಯಾಗಿ ಕೂತಿತು! ಸಿದ್ದರಾಜು ಸರ್ ನಿನ್ನ ಕಾರ್ಡನ್ನು ಎರಡು ಸಲ ಓದಿ "ಯಾರ್ರಮ್ಮಾ ಈಕೆ? ಇಂಥೋರ್ನ ನಮ್ ಶಾಲೆಗೆ ಹಾಕಿಸ್ಕೋಬೇಕು" ಎಂದರು. ಹಾಕಿಸಿಕೊಳ್ಳಬಹುದಿತ್ತು ಸರ್, ನಡುವೆ ನಾನು ಬಂದೆ ಎಂದು ಹೇಳುವುದು ಹೇಗೆ?

ಬೋರ್ಡು ಇದೆ ಎಂದು ಒಂದು ಮಾತು ಹೇಳಬಾರದಿತ್ತೇನೇ? ಮೂರು ಕಾಗದದಲ್ಲಿ ನಾನು ಬಡಾಯಿ ಕೊಚ್ಚಿದ್ದನ್ನೆಲ್ಲ ಓದಿ ಎಷ್ಟು ನಕ್ಕೆಯೋ! ನಗು, ಪರವಾಗಿಲ್ಲ. ನನ್ನ ತಲೆಯಲ್ಲಿ ಒಂದು ಯೋಚನೆ ಕುಣಿಯುತ್ತಿದೆ. ಆನ್‌ಲೈನಿನಲ್ಲಿ ಒಂದು ಬಿಳಿ ಹಾಳೆ ತೆರೆಯಬಹುದು. ಅದರ ಲಿಂಕನ್ನು ನೀನೂ ತೆರೆದರೆ, ನಾನು ಇಲ್ಲಿ ಎಳೆದ ಗೆರೆ ಅಲ್ಲಿ, ನೀನು ಅಲ್ಲಿ ಎಳೆದದ್ದು ಇಲ್ಲಿ. ಎರಡು ಶಾಲೆ, ಒಂದೇ ಬೋರ್ಡು! ನಿನ್ನ ಮಕ್ಕಳು ಕೇಳಿದ ಲೆಕ್ಕವನ್ನು ನನ್ನ ಮಕ್ಕಳು ಬಿಡಿಸುತ್ತಾರೆ. ವಾರಕ್ಕೊಂದೇ ಗಂಟೆ. ಹೂಂ ಅನ್ನು.

ಹೇಮ


ಕಲ್ಲುಮಂಟಿ
18 ನವೆಂಬರ್ 2024

ಹೇಮಶ್ರೀ,

ಮಕ್ಕಳಿಗೆ ಒಳ್ಳೆಯದು ಎನಿಸಿತು, ಒಪ್ಪಿದ್ದೇನೆ. ಗುರುವಾರ ಹನ್ನೊಂದಕ್ಕೆ. ಇಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಫೋನನ್ನು ಕಿಟಕಿ ಸರಳಿಗೆ ಕಟ್ಟಿ ಅದರಿಂದ ನೆಟ್ ಕೊಡುತ್ತೇನೆ. ಕ್ಯಾಮೆರಾ ಬೇಡ, ನೆಟ್ ತಡೆಯುವುದಿಲ್ಲ. ಬೋರ್ಡು ಮತ್ತು ದನಿ ಸಾಕು. ಲಿಂಕನ್ನು ಶಾಲೆಯ ಇಮೇಲಿಗೆ ಕಳಿಸು.

ಪಾಠದ ಮಾತು ಪಾಠಕ್ಕೆ. ನಮ್ಮಿಬ್ಬರ ಮಾತು ಅದರಲ್ಲಿ ಬರಬಾರದು. ನೀನು ಕಾರಣ ಬರೆದಿದ್ದೀಯ. ಕಾರಣ ನನಗೆ ಆವತ್ತೇ ಗೊತ್ತಿತ್ತು. ಕಿಶನ್ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. "ನಂಗೇ ಬೇಕು ಕಣೇ" ಎಂದು ಹಿಂದಿನ ದಿನ ಹೇಳಿದ್ದರೆ ಬಿಟ್ಟುಕೊಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ, ಜಗಳವಂತೂ ಆಡುತ್ತಿದ್ದೆ. ನೀನು ಅದನ್ನೂ ಕಿತ್ತುಕೊಂಡೆ.

ಅಮ್ಮನನ್ನು ನೋಡಲು ನಾನು ಹೋಗುವುದು ತಿಂಗಳಿಗೆ ಎರಡು ಭಾನುವಾರ. ಅವಳು ಈಗ ಬಲಗೈ ಎತ್ತುವುದನ್ನೇ ಬಿಟ್ಟಿದ್ದಾಳೆ. "ಆಡಿಸಮ್ಮ" ಎಂದರೆ "ಯಾತಕ್ಕೆ ಆಡಿಸ್ಲಿ, ಏನ್ ಕೆಲ್ಸ ಅದೆ ಇದ್ಕೆ?" ಎನ್ನುತ್ತಾಳೆ.

ಪ್ರಮೀಳಾ


ತೋಪಿನಕೊಪ್ಪಲು
20 ಡಿಸೆಂಬರ್ 2024

ಪ್ರಮೀ,

ನಾಲ್ಕು ಗುರುವಾರ ಆಯಿತು. ನಮ್ಮ ಮಕ್ಕಳಿಗೆ ಈಗ ವಾರದಲ್ಲಿ ಇರುವುದು ಅದೊಂದೇ ವಾರ! ನಿನ್ನ ತರಗತಿಯವರು ನಿನ್ನೆ ಕೊಟ್ಟ ತ್ರಿಭುಜದ ಲೆಕ್ಕಕ್ಕೆ ನಮ್ಮವರು ಊಟದ ಗಂಟೆ ಹೊಡೆದರೂ ಏಳಲಿಲ್ಲ. ಪುಟ್ಟಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಒಳಗೆ ಬಂದು "ಅದೇನ್ ಮೂರ್ ಮೂಲೆ ಬುಡುಸ್ತಾ ಕೂತಿದ್ದೀರವ್ವಾ, ಸಾರು ಆರೋಗ್ತದೆ" ಎಂದು ಬೈದರು. ಕೊನೆಗೆ ಬಿಡಿಸಿದವಳು ಮಾನಸ. ಆ ಕಡೆಯಿಂದ ನಿನ್ನ ಮಕ್ಕಳು ಚಪ್ಪಾಳೆ ಹೊಡೆದಾಗ ಅವಳ ಮುಖ ನೀನು ನೋಡಬೇಕಿತ್ತು.

ನೀನು ಪ್ರತಿ ಸಲ "ನಮಸ್ತೆ ಟೀಚರ್" ಎಂದು ಶುರು ಮಾಡುತ್ತೀಯ. ಎಂಟು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವಳ ಬಾಯಲ್ಲಿ "ಟೀಚರ್". ಚುಚ್ಚುತ್ತದೆ. ಚುಚ್ಚಲಿ ಎಂದೇ ಹೇಳುತ್ತೀಯ ಅಂತಲೂ ಗೊತ್ತು.

ಕೊನೆಗೂ ದೇವರಾಜಣ್ಣನ ಮನೆಯೊಳಗೆ ಕಾಲಿಟ್ಟೆ. ನಿನ್ನ ಅಮ್ಮ ದ್ಯಾವಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ನನ್ ಮಗ್ಳು ಜಾಗ ಕಿತ್ಕಂಡೋಳು ನೀನೇ ಅಲ್ವೇನವ್ವಾ?" ಎಂದರು. ಹೌದು ಎಂದೆ. "ಒಪ್ಕಂಡ್ಯಲ್ಲ, ಕೂತ್ಕೋ. ಕಾಪಿ ಕುಡ್ಕಂಡ್ ಹೋಗು" ಎಂದರು. ಬಾಗಿಲಲ್ಲಿ ಅಂಗಡಿಯ ಸ್ಟಿಕ್ಕರ್ ರಂಗೋಲಿ ಅಂಟಿಸಿತ್ತು. ಧನುರ್ಮಾಸದಲ್ಲಿ ಬೀದಿ ತುಂಬ ಎಳೆ ರಂಗೋಲಿ ಬಿಡುತ್ತಿದ್ದವರಂತಲ್ಲ ಅವರು. ಅದನ್ನು ನೋಡುವುದೇ ಬೇಡವೆಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತಿದ್ದರು.

ಜನವರಿ ಒಂಬತ್ತರ ಗುರುವಾರ ಸಮಮಿತಿ ಪಾಠ. ಆವತ್ತು ಗೆರೆ ಎಳೆಯುವುದು ನಮ್ಮ ಕಡೆಯಿಂದ ಇರಲಿ.

ಹೇಮ


ತೋಪಿನಕೊಪ್ಪಲು
10 ಜನವರಿ 2025

ಪ್ರಮೀ,

ನಿನ್ನೆ ನಡೆದದ್ದನ್ನು ನಮ್ಮ ಕಡೆಯಿಂದ ಹೇಳುತ್ತೇನೆ. ನಿನ್ನನ್ನು ಕೇಳದೆ ಮಾಡಿದ್ದೇ ತಪ್ಪು, ಅದು ಈಗ ಗೊತ್ತಾಗಿದೆ.

ಆವತ್ತು ಕಾಫಿ ಕುಡಿಯುವಾಗ ಹೊಳೆದದ್ದು ಇಷ್ಟೇ: ರಂಗೋಲಿ ಪುಡಿ ಹಿಡಿಯಲು ಎರಡು ಬೆರಳು ಬೇಕು, ಬಗ್ಗುವ ಸೊಂಟ ಬೇಕು. ಬೋರ್ಡಿಗೆ ಒಂದು ಬೆರಳು ಸಾಕು, ಬಗ್ಗುವುದೇ ಬೇಡ! ಖುಷಿಗೆ ಲೋಟವನ್ನೇ ಚೆಲ್ಲಿದ್ದೆ. ಮಾರನೆಯ ವಾರದಿಂದ ದೇವರಾಜಣ್ಣ ಅವರನ್ನು ಆಟೊದಲ್ಲಿ ಕರೆತಂದರು, ಐದು ದಿನ, ಶಾಲೆ ಬಿಟ್ಟ ಮೇಲೆ. ಮೊದಲ ದಿನ ಬೋರ್ಡು ಮುಟ್ಟಿ ಗೆರೆ ಬಂದಾಗ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು "ಇದ್ಯಾವ ಗೋಡೆ ಕಣವ್ವಾ, ಮುಟ್ಟುದ್ರೆ ಬರ್ಕತದೆ!" ಎಂದರು. ಆಮೇಲೆ ತಾವೇ ಬಲಗೈಯನ್ನು ಎಡಗೈಯಿಂದ ಎತ್ತಿ ಇಟ್ಟರು. ಐದನೆಯ ದಿನ ಎಡಗೈ ಬೇಕಾಗಲಿಲ್ಲ ಕಣೇ.

ನಿನ್ನೆ ಕುರ್ಚಿಯ ಮೇಲೆ ಕೂತು ಏಳು ಸಾಲು ಚುಕ್ಕಿ ಇಟ್ಟರು. ಎಳೆ ಶುರುವಾಯಿತು. ಮುಕ್ಕಾಲು ಭಾಗ ಬಂದಿತ್ತು, ಕೈ ಜಾರಿತು. "ಆಗಕಿಲ್ಲ ಬುಡವ್ವ" ಎಂದು ಮಡಿಲಿಗೆ ಹಾಕಿಕೊಂಡರು. ಅಷ್ಟರಲ್ಲಿ ಬೋರ್ಡಿನ ಮೇಲೆ, ಅವರು ಬಿಟ್ಟ ಚುಕ್ಕಿಯಿಂದಲೇ, ಯಾರೂ ಮುಟ್ಟದೆ ಗೆರೆ ಹೊರಟಿತು! ಪುಟ್ಟಲಕ್ಷ್ಮಮ್ಮ ಕೈ ಮುಗಿದೇಬಿಟ್ಟರು. ದ್ಯಾವಮ್ಮ ಮಾತ್ರ ಸ್ವಲ್ಪವೂ ಗಾಬರಿಯಾಗಲಿಲ್ಲ. "ನಮ್ ಪ್ರಮೀಳಾ ಕಣ್ರೋ, ತಿರುವ್ನಲ್ಲಿ ಅವ್ಳು ಅಂಗೇ ಅವಸ್ರ ಮಾಡಾದು" ಎಂದರು. ಎಳೆ ಸುತ್ತಿ ಬಂದು ಕೂಡಿತು. ಮಕ್ಕಳು ಮಾಡು ಹಾರುವಂತೆ ಕೂಗಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ.

ಮರುಗಳಿಗೆಯಲ್ಲಿ ನೀನು ನಡುಮಧ್ಯದಿಂದ ಅದನ್ನು ಅಳಿಸಿದೆ. ಅಗಲಕ್ಕೆ, ಒಂದೇ ಸಲ. ಆಮೇಲೆ ಸಂಪರ್ಕವೂ ಹೋಯಿತು. ದ್ಯಾವಮ್ಮ ನನ್ನ ಕೈ ಹಿಡಿದು "ನನ್ ಮ್ಯಾಲೆ ಅಲ್ಲ ಕಣವ್ವ, ನಿನ್ ಮ್ಯಾಲೆ ಸಿಟ್ಟು ಅವ್ಳ್ಗೆ" ಎಂದರು.

ಅದು ನ್ಯಾಯವೇ. ನಿನ್ನ ಅಮ್ಮನ ಜೊತೆ ಕೂತು ಕೈ ಹಿಡಿದು ಬರೆಸಬೇಕಾದವಳು ನೀನು. ಆ ಐದು ಸಂಜೆಗಳೂ ನಿನ್ನವು. ನಾನು ಜಾಗವನ್ನೂ ತೆಗೆದುಕೊಂಡು, ಸಂಜೆಗಳನ್ನೂ ತೆಗೆದುಕೊಂಡು, ಅದನ್ನು ನಿನಗೇ ಉಡುಗೊರೆಯಾಗಿ ತೋರಿಸಿದೆ. ಆರು ತಿಂಗಳು ಬೋರ್ಡು ಬೋರ್ಡು ಎಂದು ಬರೆದೆ. ಮೊದಲು ಕಳಿಸಬೇಕಾಗಿದ್ದದ್ದನ್ನು ಈಗ ಕಳಿಸುತ್ತಿದ್ದೇನೆ.

ಒಳಗಿರುವುದು ಪರಸ್ಪರ ವರ್ಗಾವಣೆಯ ಅರ್ಜಿ. ನನ್ನ ಜಾಗಕ್ಕೆ ನೀನು, ನಿನ್ನ ಜಾಗಕ್ಕೆ ನಾನು. ಇಬ್ಬರದೂ ಗಣಿತವೇ. ವಿಚಾರಿಸಿದೆ, ಆಗುತ್ತದಂತೆ. ರವೀಂದ್ರ "ಕಿಶನ್ ಗತಿ?" ಎಂದು ಒಂದು ಮಾತು ಕೇಳಿದರು. ಹೆದರಿಕೆಯಾಗುತ್ತಿದೆ. ಆದರೂ ನನ್ನ ಸಹಿ ಹಾಕಿದ್ದೇನೆ. ಇನ್ನೊಂದು ಸಹಿಯ ಜಾಗ ಖಾಲಿ ಇದೆ.

ಹೇಮ


ಕಲ್ಲುಮಂಟಿ
19 ಜನವರಿ 2025

ಹೇಮಾ,

ಸಹಿ ಹಾಕಿದ್ದೇನೆ. ಬೇಡ ಎನ್ನುತ್ತೇನೆ, ನೀನೇ ಇರು ಎನ್ನುತ್ತೇನೆ ಎಂದು ಒಳಗೊಳಗೆ ಕಾದಿದ್ದರೆ, ಇಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಯಾಕೆಂದು ಹೇಳುತ್ತೇನೆ.

ಆವತ್ತು ಎಳೆ ಶುರುವಾದಾಗ ಇಲ್ಲಿಯ ಮಕ್ಕಳು ನಕ್ಕರು. "ಮಿಸ್, ಯಾವ್ದೋ ಅಂಗನವಾಡಿ ಮಗ ಬರೀತಾ ಅದೆ" ಎಂದರು. ನಾನೂ ನಕ್ಕೆ. ಎರಡನೆಯ ಸುತ್ತಿಗೆ ನಗು ನಿಂತಿತು. ಕೆಳಗಿನ ಎಡ ಚುಕ್ಕಿಯಿಂದ ಹೊರಟು, ನಾಲ್ಕನೆಯದರ ಹತ್ತಿರ ಒಂದು ಉಸಿರು ನಿಂತು ಮುಂದೆ ಹೋಗುವವರು ಲೋಕದಲ್ಲಿ ಒಬ್ಬರೇ. ನಾನು ಐದು ವರ್ಷದವಳಿದ್ದಾಗಿನಿಂದ ಆ ಗೆರೆಯ ಹಿಂದೆ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಬಂದವಳು. ಅದು ಕೆ.ಆರ್. ಪೇಟೆಯ ಈ ಹಳ್ಳಿಯ ಗೋಡೆಯ ಮೇಲೆ, ನಲವತ್ತು ಮಕ್ಕಳ ಮುಂದೆ, ಅಲುಗಾಡುತ್ತ ಬರುತ್ತಿದೆ. ನಿಂತುಹೋದಾಗ ನನಗೇ ತಿಳಿಯದಂತೆ ಎದ್ದು ಮುಗಿಸಿದೆ.

ನಾನು ಅಳಿಸಲಿಲ್ಲ ಹೇಮಾ. ಎಳೆ ಕೂಡಿದ ಮೇಲೆ ಅಮ್ಮನ ಗೆರೆಯ ಮೇಲೆ ಕೈ ಇಡಬೇಕೆನಿಸಿತು, ಇಟ್ಟೆ. ನಮ್ಮ ಈ ಬೋರ್ಡು ಬೆರಳನ್ನು ಪೆನ್ನು ಎಂದು ತಿಳಿಯುತ್ತದೆ, ಅಂಗೈಯನ್ನು ಡಸ್ಟರ್ ಎಂದು ತಿಳಿಯುತ್ತದೆ. ನನ್ನ ಅಂಗೈ ಅಡಿಯಲ್ಲಿ ಅಮ್ಮನ ಎಳೆ ಅಳಿಸಿಹೋಯಿತು. ಮಕ್ಕಳು "ಅಯ್ಯೋ ಮಿಸ್" ಎಂದರು. ನಾನು ಕಿಟಕಿಯ ಹತ್ತಿರ ಹೋಗಿ ಫೋನನ್ನೇ ಬಿಚ್ಚಿಕೊಂಡೆ, ಅಳುವುದು ನಿಮಗೆ ಕೇಳಿಸಬಾರದೆಂದು.

ಅಮ್ಮನ ಗೆರೆ ಇಲ್ಲಿಗೆ ಬಂತು. ಅದಕ್ಕೆ ನಿನಗೆ ಎಷ್ಟು ಋಣಿಯೋ ಹೇಳಲಾರೆ. ಆದರೆ ನನಗೆ ಅವಳ ಕೈಯೇ ಬೇಕು. ಅದಕ್ಕೇ ಸಹಿ.

ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಹೇಳುವುದಿಲ್ಲ. ಆದರೂ ರವೀಂದ್ರ ಅವರಿಗೆ ಇದನ್ನು ತಿಳಿಸು. ಜೂನ್‌ನಿಂದ ಸಂಜೆ ನನ್ನ ಶಾಲೆ ಬಿಟ್ಟೊಡನೆ ಕಿಶನ್‌ನನ್ನು ಅವನ ಶಾಲೆಯಿಂದ ನಾನು ಕರೆತರುತ್ತೇನೆ. ನೀನು ಬಸ್ಸಿಳಿಯುವವರೆಗೆ ಅಮ್ಮನ ಹತ್ತಿರ ಇರಲಿ, ಅವಳ ಕೈಗೂ ಒಂದು ಕೆಲಸವಾಗುತ್ತದೆ.

ನಿನ್ನ
ಪ್ರಮೀ